ಬಾಯಿಯ ಮುಂದೆ ನಿಂತ ತುತ್ತು

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಮಂದಿಯ ಬಾಯಿಯ ಮುಂದೆ ತುತ್ತು ನಿಲ್ಲಿಸಿ ಹೊಟ್ಟೆ ಹೊರೆದವನು. ಕೊಪ್ಪಳದ ಒಂದು ಹಳೆಯ ಗಲ್ಲಿಯಲ್ಲಿ ನನ್ನ ಫೋಟೋ ಸ್ಟುಡಿಯೋ. ಮುಂದೆ ಅಂಗಡಿ, ಹಿಂದೆ ಮನೆ, ಪಕ್ಕಕ್ಕೆ ಗಲ್ಲಿಗೆ ತಾಗಿದಂತೆ ಒಂದು ಸಣ್ಣ ಡಾರ್ಕ್ ರೂಮು. ಈಗ ಅದಕ್ಕೆ ಕೆಲಸವಿಲ್ಲ. ಹಳೆಯ ಟ್ರೇಗಳು, ಫೋಟೋ ಅದ್ದುವ ಹೈಪೊ ದ್ರಾವಣದ ವಾಸನೆ ಹಿಡಿದ ಹಲಗೆಗಳು, ಒಂದು ಕೆಂಪು ಬಲ್ಬು, ಇಷ್ಟೇ ಉಳಿದಿವೆ.

ಮದುವೆಯ ಫೋಟೋಕ್ಕೆಂದು ನಾನು ಹೋಗದ ಊರಿಲ್ಲ. ನಮ್ಮ ಕಡೆ ಅಕ್ಕಿಕಾಳು ಬಿದ್ದು ಮದುವೆಯಾದ ಮೇಲೆ ಭೂಮದ ಊಟ ಎಂದು ಒಂದು ಪದ್ಧತಿ. ದೊಡ್ಡದೊಂದು ತಾಟಿನಲ್ಲಿ ಹೋಳಿಗೆ, ಅನ್ನ, ಹಾಲು, ತುಪ್ಪ ಬಡಿಸಿ, ಗೋಧಿಯನ್ನು ಪುಡಿ ಮಾಡಿ ಬೆಲ್ಲ ಬೆರೆಸಿದ ಮಾದಲಿಯನ್ನು ನಡುವೆ ರಾಶಿ ಹಾಕಿ, ಮದುಮಕ್ಕಳೂ ಹತ್ತಿರದವರೂ ಸುತ್ತ ಕೂತು ಅದೊಂದೇ ತಾಟಿನಲ್ಲಿ ಉಣ್ಣುತ್ತಾರೆ. ಮದುಮಗಳು ಗಂಡನಿಗೆ ತುತ್ತು ಕೊಡುತ್ತಾಳೆ, ಅವನು ಅವಳಿಗೆ ಕೊಡುತ್ತಾನೆ. ನಮ್ಮ ಮನೆತನದಲ್ಲಿಯೂ ಇನ್ನು ಕೆಲವು ಮನೆಗಳಲ್ಲಿಯೂ ಮಗಳು ಕೊನೆಯ ತುತ್ತನ್ನು ಹೆತ್ತವರ ಬಾಯಿಗಿಟ್ಟು ಕೈ ತೊಳೆಯಬೇಕು. ಆಮೇಲೆ ಅವಳು ಬೇರೆ ಮನೆಯವಳು.

ಆ ತುತ್ತು ತುಟಿ ಮುಟ್ಟುವ ಹೊತ್ತಿಗೆ ನಾನು ಕೂಗುತ್ತಿದ್ದೆ. “ತಡೀರಿ, ನುಂಗಬ್ಯಾಡ್ರಿ, ಹಂಗ ಹಿಡೀರಿ.” ಇಡೀ ಬಳಗ ನಿಲ್ಲುತ್ತಿತ್ತು. ಗಂಗಾವತಿಯ ಭತ್ತದ ಸಾಹುಕಾರರೂ ನಿಲ್ಲುತ್ತಿದ್ದರು, ಅವರ ಗದ್ದೆಯಲ್ಲಿ ನಾಟಿ ಮಾಡುವವರೂ ನಿಲ್ಲುತ್ತಿದ್ದರು. ಫ್ಲಾಶ್ ತುಂಬಿಕೊಳ್ಳುವ ತನಕ ಬಾಯಿ ತೆರೆದು ನಿಂತವರನ್ನು ನೋಡುವಾಗ ನನಗೆ ಒಳಗೊಳಗೇ ಅಧಿಕಾರದ ಸುಖ. ಸುಳ್ಳು ಯಾಕೆ ಹೇಳಲಿ.

ನವಲಿ ಊರಿನ ಒಂದು ಮದುವೆಯಲ್ಲಿ ಮುದುಕ ಅಪ್ಪನ ಬಾಯಿಗೆ ಮಗಳು ತುತ್ತು ಹಿಡಿದಿದ್ದಳು. ಫ್ಲಾಶ್ ಕೈಕೊಟ್ಟಿತು. ನಾನು ಇನ್ನೊಮ್ಮೆ, ಇನ್ನೊಮ್ಮೆ ಎನ್ನುತ್ತ ಹೋದೆ. ಮೂರನೆಯ ಸಲಕ್ಕೆ ಅವನ ಕಣ್ಣಿನ ನೀರು ಕೆನ್ನೆಯಿಂದ ಇಳಿದು ಬಾಯಿಯ ಮೂಲೆಗೆ ಬಂತು. ಆ ಫೋಟೋ ತುಂಬ ಚೆನ್ನಾಗಿ ಬಂದಿದೆಯೆಂದು ವರ್ಷಗಟ್ಟಲೆ ಅಂಗಡಿಯ ಗಾಜಿನ ಹಿಂದೆ ಹಾಕಿಟ್ಟಿದ್ದೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ಎರಡೂ ಬರುತ್ತಿರಲಿಲ್ಲ. ಹಾಗಾಗಿ ಒಂದು ಮಧ್ಯಾಹ್ನ ರೊಟ್ಟಿಯ ಚೂರು ಎದೆಯ ಹಿಂದೆ ಎಲ್ಲೋ ಸಿಕ್ಕಿಕೊಂಡಾಗ ನಾನು ಮೊದಲು ಮಾಡಿದ ಕೆಲಸ ಹೆಂಡತಿಯ ಜೊತೆ ಜಗಳ. ರೊಟ್ಟಿ ದಪ್ಪ ಎಂದೆ. ಮರುದಿನ ಅವಳು ತೆಳ್ಳಗೆ ತಟ್ಟಿದಳು, ಅದೂ ಅಲ್ಲಿಯೇ ನಿಂತಿತು. ಈ ವರ್ಷದ ಜೋಳವೇ ಸರಿಯಿಲ್ಲ ಎಂದೆ. ಆಮೇಲೆ ಹಲ್ಲಿನ ಮೇಲೆ ಹಾಕಿದೆ, ಆಮೇಲೆ ಗ್ಯಾಸಿನ ಮೇಲೆ. ತುತ್ತಿಗೊಂದು ಗುಟುಕು ನೀರು ಕುಡಿದು ಒಳಗೆ ನೂಕುವುದನ್ನು ಕಲಿತೆ. ಅವಳು ನನ್ನ ಬದಿಗೆ ಇಡುವ ತಂಬಿಗೆಯನ್ನು ದೊಡ್ಡದು ಮಾಡುತ್ತ ಹೋದಳು. ಒಂದು ದಿನ ಕೊಡದ ಹತ್ತಿರವೇ ನನ್ನ ತಾಟು ಇಟ್ಟು ಹೇಳಿದಳು. “ಜ್ವಾಳಕ್ಕ ಬೈಯೂದು ಸಾಕ್ರಿ. ದವಾಖಾನಿಗೆ ನಡೀರಿ.”

ಕೊಪ್ಪಳದಲ್ಲಿ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದರು. ನನ್ನ ಆಯುಷ್ಯದಲ್ಲಿ ನನ್ನನ್ನು ಯಾರೂ ಅಷ್ಟು ಒಳಗಿನಿಂದ ಫೋಟೋ ತೆಗೆದಿರಲಿಲ್ಲ. ಒಂದು ಚೂರನ್ನು ಕಿತ್ತು ಪರೀಕ್ಷೆಗೆ ಕಳಿಸಿ, ದೂರದ ದೊಡ್ಡ ಊರಿನ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ಹೇಳಿದ್ದಿಷ್ಟು. ಅನ್ನನಾಳದಲ್ಲಿ ಕ್ಯಾನ್ಸರ್ ಇದೆ. ಇನ್ನೂ ಒಳಪದರದಲ್ಲಿಯೇ ಇದೆ, ಆಳಕ್ಕೆ ಇಳಿದಿಲ್ಲ. ಕೊಯ್ದು ತೆಗೆಯೋಣವೆಂದರೆ ನನ್ನ ಹೃದಯ ಆ ಆಪರೇಷನ್ ತಡೆಯುವುದಿಲ್ಲ. ಉಳಿದದ್ದು ಬೆಳಕಿನ ಚಿಕಿತ್ಸೆ.

ಅಲ್ಲಿಯ ಡಾಕ್ಟರಮ್ಮ ಬಿಡಿಸಿ ಹೇಳಿದರು. ಮೊದಲು ರಕ್ತನಾಳಕ್ಕೆ ಒಂದು ಔಷಧಿ ಕೊಡುತ್ತಾರೆ. ಅದು ಮೈಯೆಲ್ಲ ಹರಡಿ, ಕೆಟ್ಟ ಮಾಂಸದಲ್ಲಿ ಹೆಚ್ಚು ಉಳಿಯುತ್ತದೆ. ಎರಡು ದಿನ ಬಿಟ್ಟು ಗಂಟಲಿನಿಂದ ತೆಳ್ಳಗಿನ ತಂತಿ ಇಳಿಸಿ, ಗಂಟಿನ ಮೇಲೆ ಬೆಳಕು ಬಿಡುತ್ತಾರೆ. ಬೆಳಕು ಬಿದ್ದಲ್ಲಿ ಔಷಧಿ ಎಚ್ಚರವಾಗಿ ಆ ಮಾಂಸವನ್ನು ಸಾಯಿಸುತ್ತದೆ. ಅಲ್ಲಿಯ ತನಕ ತಲೆ ತಗ್ಗಿಸಿ ಕೂತವನು ನಾನು ನೆಟ್ಟಗಾದೆ. ಇದು ನನ್ನ ಕಸುಬು. ನನ್ನನ್ನು ಫಿಲಂ ಮಾಡುತ್ತಿದ್ದಾರೆ, ಅಷ್ಟೇ. ಯಾವ ಬೆಳಕು ಎಂದು ಕೇಳಿದೆ. ಕೆಂಪು ಎಂದರು. ನನಗೆ ನಗು ಬಂತು. ಡಾರ್ಕ್ ರೂಮಿನಲ್ಲಿ ಫೋಟೋ ಕಾಗದಕ್ಕೆ ಏನೂ ಮಾಡದ ಬೆಳಕು ಅದೊಂದೇ.

ಮುಂದಿನದನ್ನು ಅವರು ನಿಧಾನವಾಗಿ ಹೇಳಿದರು. ಪಕ್ಕದ ಒಳ್ಳೆಯ ಮಾಂಸವೂ ಸ್ವಲ್ಪ ಬೇಯುತ್ತದೆ. ಕೆಲವು ವಾರ ನುಂಗುವುದು ನೋವಾಗುತ್ತದೆ. ಗಾಯ ಮಾಯುವಾಗ ಎಳೆದುಕೊಂಡು ನಾಳ ಕಿರಿದಾಗಬಹುದು, ಆಗ ಅದನ್ನು ಹಿಗ್ಗಿಸಬೇಕಾಗುತ್ತದೆ. ಒಂದು ತಿಂಗಳಿಗೂ ಹೆಚ್ಚು ಬಿಸಿಲಿಗೆ ಮೈಯೊಡ್ಡುವಂತಿಲ್ಲ. ಎಲ್ಲವನ್ನೂ ಬರೆದ ಒಂದು ಹಾಳೆ ಕೊಟ್ಟರು. ನಾನು ಅದನ್ನು ಮಡಚಿ ಚೀಲಕ್ಕೆ ತುರುಕಿದೆ. ಫಿಲಂ ಜೊತೆ ಬಾಳಿದವನಿಗೆ ಬೆಳಕಿನ ಪಾಠ ಹೇಳಿಕೊಡುತ್ತಾರಲ್ಲ ಎಂಬ ಸೊಕ್ಕು.

ಬದುಕುತ್ತೇನೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಮಗಳ ನಿಶ್ಚಯ ಆಗಿಹೋಗಿತ್ತು. ಹುಡುಗ ಕುಷ್ಟಗಿಯವನು, ಮದುವೆಗೆ ಮೂರು ತಿಂಗಳಿತ್ತು. ನಾನು ಕೇಳಿದ್ದು ಒಂದೇ. “ಮೂರು ತಿಂಗಳಿಗೆ ಒಂದು ತುತ್ತು ಮಾದಲಿ ನುಂಗಾಕ ಬರ್ತೈತೇನ್ರಿ?”

ಮಾದಲಿ ಎಂದರೇನು ಎಂದು ಅವರು ಕೇಳಿದರು. ನನ್ನ ಹೆಂಡತಿ ಭೂಮದ ಊಟವನ್ನೆಲ್ಲ ವಿವರಿಸಿದಳು. ಡಾಕ್ಟರಮ್ಮ, “ಒಂದು ತುತ್ತು ಆಗಬಹುದು. ಆದರೆ ನಾನು ಮಾತು ಕೊಡೋದಿಲ್ಲ” ಎಂದರು. ಮಾತು ಕೊಡದ ಡಾಕ್ಟರ ಮೇಲೆ ನನಗೆ ನಂಬಿಕೆ ಬಂತು.

ಬೆಳಕು ಬಿಟ್ಟದ್ದು ನನಗೆ ಗೊತ್ತಾಗಲಿಲ್ಲ, ಮಂಪರಿನಲ್ಲಿದ್ದೆ. ಆಮೇಲಿನದು ಚೆನ್ನಾಗಿ ಗೊತ್ತು. ಒಂದು ವಾರ ಉಗುಳು ನುಂಗುವುದಕ್ಕೂ ಧೈರ್ಯ ಬೇಕಾಗುತ್ತಿತ್ತು. ಮನುಷ್ಯ ದಿನಕ್ಕೆ ಎಷ್ಟು ಸಲ ಉಗುಳು ನುಂಗುತ್ತಾನೆ ಎಂಬುದು ಅಲ್ಲಿಯ ತನಕ ನನ್ನ ಗಮನಕ್ಕೇ ಬಂದಿರಲಿಲ್ಲ. ಪ್ರತಿ ಸಲವೂ ಕೆಂಡದ ಚೂರೊಂದು ಎದೆಯ ಹಿಂದೆ ಇಳಿದಂತಾಗುತ್ತಿತ್ತು. ಇಳಿದು, ಬೆನ್ನಿಗೆ ತಾಗಿ, ಆರುತ್ತಿತ್ತು.

ಊರಿಗೆ ಬಂದದ್ದು ಸಂಜೆ ಹೊತ್ತು ಮುಳುಗಿದ ಮೇಲೆ, ರೈಲಿನಲ್ಲಿ. ತುಂಬುತೋಳಿನ ಅಂಗಿ, ಕೈಗವಸು, ಟೋಪಿ, ಕಪ್ಪು ಕನ್ನಡಕ, ಕುತ್ತಿಗೆಗೆ ಟವೆಲ್. ಕೊಪ್ಪಳದ ಸ್ಟೇಷನ್ನಿನಲ್ಲಿ ಆಟೋದವನು ನನ್ನನ್ನು ನೋಡಿ ಯಾವ ಊರ ಸಾಹೇಬರೋ ಎಂದುಕೊಂಡು ಉರ್ದುವಿನಲ್ಲಿ ಮಾತಾಡಿಸಿದ. ಹೆಂಡತಿ ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಳು.

ಅವಳು ಮಗಳಿಗೆ ಹೇಳಿ ನಡುಮನೆಯ ಕಿಟಕಿಗೆ ದಪ್ಪ ಪರದೆ ಹಾಕಿಸಿಟ್ಟಿದ್ದಳು. ನನಗೆ ಅದು ಸಾಲದು ಅನ್ನಿಸಿತು. ಪರದೆಯ ಅಂಚಿನಿಂದ ಬರುವ ಬೆಳಕು ಫಿಲಮ್ಮಿಗೆ ಏನು ಮಾಡುತ್ತದೆಂದು ನನಗೆ ಗೊತ್ತಿಲ್ಲವೇ? ನನಗೆ ಮದ್ದು ಹಚ್ಚಿದ್ದಾರೆ, ಬೆಳಕಿನ ಭಯ ಕಳೆಯುವ ಹೈಪೊದಲ್ಲಿ ಇನ್ನೂ ಅದ್ದಿಲ್ಲ. ಅದ್ದುವ ತನಕ ಕತ್ತಲೆಯೇ ಗತಿ. ಡಾರ್ಕ್ ರೂಮಿನ ಕಸ ಹೊಡೆಸಿದೆ, ಕಿಟಕಿಗೆ ಗೊಬ್ಬರದ ಚೀಲ ಬಡಿಸಿದೆ, ಬಾಗಿಲ ಸಂದಿಗೆ ಬಟ್ಟೆ ತುರುಕಿದೆ, ಕೆಂಪು ಬಲ್ಬು ಹಚ್ಚಿದೆ. ಒಂದು ಮಂಚ ಹಿಡಿಸಿತು. ನೋಡಿ, ಎಷ್ಟು ಬುದ್ಧಿವಂತ.

ಆ ಕೋಣೆಯಲ್ಲಿ ಕಳೆದ ದಿನಗಳನ್ನು ಈಗ ನೆನೆದರೆ, ಬಹಳ ಕಾಲ ನೀರಿನೊಳಗೆ ಇದ್ದು ಬಂದವನಂತೆ ಅನ್ನಿಸುತ್ತದೆ. ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಹಾಲಿನವನ ಸೈಕಲ್ಲಿನ ಗಂಟೆಯಿಂದ ಬೆಳಗು, ಶಾಲೆ ಬಿಟ್ಟ ಮಕ್ಕಳ ಗದ್ದಲದಿಂದ ಸಂಜೆ. ನಡುವೆ ಹೆಂಡತಿ ಮೂರು ನಾಲ್ಕು ಸಲ ಬಾಗಿಲು ಬಡಿದು, ನಾನು ಕೆಂಪು ಬಲ್ಬು ಹಚ್ಚಿದ ಮೇಲೆ ಒಳಗೆ ಬರುತ್ತಿದ್ದಳು. ಬಟ್ಟೆಯಲ್ಲಿ ಸೋಸಿದ ಗಂಜಿ, ಆರಿಸಿದ ಹಾಲು, ನೀರಾದ ಅಂಬಲಿ. ಒಂದು ಬಟ್ಟಲು ಮುಗಿಸಲು ನನಗೆ ಅರ್ಧ ತಾಸು. ಅವಳು ಎದ್ದು ಹೋಗುತ್ತಿರಲಿಲ್ಲ. ಕೆಂಪು ಬೆಳಕಿನಲ್ಲಿ ಮುಖದ ಸುಕ್ಕು ಕಾಣುವುದಿಲ್ಲ. ಮದುವೆಯಾದ ಹೊಸದರಲ್ಲಿ ಇದೇ ಕೋಣೆಯಲ್ಲಿ ನನ್ನ ಪಕ್ಕ ನಿಂತು, ನೀರಿನಲ್ಲಿ ಬಿಳಿ ಕಾಗದದ ಮೇಲೆ ಮುಖ ಮೂಡುವುದನ್ನು ಮೊದಲ ಸಲ ಕಂಡು ನನ್ನ ತೋಳು ಹಿಡಿದುಕೊಂಡಿದ್ದ ಹುಡುಗಿ ಅಲ್ಲಿ ಗಂಜಿ ಬಟ್ಟಲು ಹಿಡಿದು ಕೂತಿದ್ದಳು. ನನಗೆ ಅವಳ ಮೇಲೆ ಪ್ರೀತಿ ಉಕ್ಕುತ್ತಿತ್ತು. ಬಾಯಲ್ಲಿ ಗಂಜಿ ಇತ್ತಾದ್ದರಿಂದ ಹೇಳಲಿಲ್ಲ.

ಬಲ್ಬು ಆರಿಸಿದ ಮೇಲೆ ಇನ್ನೊಂದು ಲೋಕ. ಕಿಟಕಿಯ ಹಲಗೆಯಲ್ಲಿ ಒಂದು ಮೊಳೆ ಕಿತ್ತ ತೂತು ಇತ್ತು, ಗೊಬ್ಬರದ ಚೀಲವೂ ಸರಿಯಾಗಿ ಅಲ್ಲಿಯೇ ಹರಿದಿತ್ತು. ಸಾಸಿವೆಕಾಳಿನಷ್ಟು ಬೆಳಕು. ಮುಚ್ಚಬೇಕೆಂದು ಎದ್ದವನು ಎದುರಿನ ಗೋಡೆ ನೋಡಿ ಹಾಗೆಯೇ ಕೂತೆ. ಗೋಡೆಯ ಮೇಲೆ ನಮ್ಮ ಗಲ್ಲಿ ತಲೆಕೆಳಗಾಗಿ ಬಿದ್ದಿತ್ತು. ಬಣ್ಣ ಸಮೇತ. ಆಕಾಶ ಕೆಳಗೆ, ನೆಲ ಮೇಲೆ. ಸೊಪ್ಪಿನ ಬುಟ್ಟಿ ಹೊತ್ತವಳು ಚಾವಣಿಗೆ ಕಾಲು ಕೊಟ್ಟು ನಡೆದುಹೋದಳು. ಒಂದು ಎಮ್ಮೆ ಬಂತು, ನಿಂತಿತು, ಹೋಯಿತು. ಎದುರು ಮನೆಯ ಮಾಳಿಗೆಯ ಮೇಲೆ ಒಣಹಾಕಿದ ಹಸಿರು ಇಳಕಲ್ಲ ಸೀರೆ ಗಾಳಿಗೆ ಹಾರುತ್ತಿತ್ತು, ನನ್ನ ಮೊಣಕಾಲ ಹತ್ತಿರ. ಕ್ಯಾಮೆರಾದ ಹೊಟ್ಟೆಯಲ್ಲಿ ಹೀಗೆಯೇ ಇರುತ್ತದೆಂದು ಓದಿದ್ದೆ. ಹೊಟ್ಟೆಯೊಳಗೆ ಕೂತು ನೋಡಿದ್ದು ಅದೇ ಮೊದಲು.

ಆ ತೂತು ಮುಚ್ಚಲಿಲ್ಲ. ಗೋಡೆಯ ಮೇಲಿನ ಗಲ್ಲಿಯಲ್ಲಿಯೇ ನನ್ನ ದಿನ ನಡೆಯುತ್ತಿತ್ತು. ಮಧ್ಯಾಹ್ನದ ಜೊಂಪಿನಲ್ಲಿ ಯಾರು ನಿಜವಾಗಿ ಹೋಗುತ್ತಿದ್ದಾರೆ, ಯಾರು ನನ್ನ ತಲೆಯೊಳಗಿನಿಂದ ಬಂದಿದ್ದಾರೆ ಎಂಬುದು ಕಲೆಸಿಹೋಗುತ್ತಿತ್ತು. ನಾನು ತುತ್ತು ಹಿಡಿದು ನಿಲ್ಲಿಸಿದ ಮಂದಿ ಸಾಲುಸಾಲಾಗಿ ಬರುತ್ತಿದ್ದರು. ಬಾಸಿಂಗ ಕಟ್ಟಿದವರು, ದಂಡೆ ಮುಡಿದವರು. ಬಾಯಿ ತೆರೆದುಕೊಂಡೇ ಗೋಡೆಯ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುತ್ತಿದ್ದರು. ನವಲಿಯ ಮುದುಕ ಮಾತ್ರ ನಡುವೆ ನಿಲ್ಲುತ್ತಿದ್ದ. ನಾನು ಅವನಿಗೆ, ಆಯಿತು ಯಜಮಾನ, ಫೋಟೋ ಆಯಿತು, ನುಂಗು ಎನ್ನುತ್ತಿದ್ದೆ. ಅವನಿಗೆ ಕೇಳಿಸುತ್ತಿರಲಿಲ್ಲ.

ಮೂರನೆಯ ವಾರಕ್ಕೆ ನೋವು ಇಳಿಯಿತು. ನಾಲ್ಕನೆಯ ವಾರ ಮೆತ್ತಗಿನ ಅನ್ನ ಹಾಲು ಕಲೆಸಿ ಉಂಡೆ. ಆ ದಿನ ಯಲಬುರ್ಗಾದಿಂದ ನನ್ನ ಅಕ್ಕ ನೋಡಲು ಬಂದಿದ್ದಳು. ಕೆಂಪು ಬೆಳಕಿನಲ್ಲಿ ನನ್ನ ಎದುರು ಕೂತು, ಅತ್ತು, ಮೂಗು ಒರೆಸಿಕೊಂಡು, ಊರಿನ ಸುದ್ದಿ ಎಲ್ಲ ಹೇಳಿ, ಕೊನೆಗೆ ಬಂದ ವಿಷಯಕ್ಕೆ ಬಂದಳು. ಬೀಗರ ಮುಂದೆ ತುತ್ತು ಸಿಕ್ಕಿಕೊಂಡು ಕೆಮ್ಮಿ, ಉಗುಳಿದರೆ ಹುಡುಗಿಗೆ ಅಪಶಕುನ. ಭೂಮದ ಊಟಕ್ಕೆ ನನ್ನ ಬದಲು ನನ್ನ ತಮ್ಮ ಕೂತರೆ ಆಗದೇ? ಅವನೂ ಅಪ್ಪನ ಸಮಾನವೇ. ಅವಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೂ ನಾನು ಕಿರುಚಿದೆ, ಕಿರುಚಿದ್ದಕ್ಕೆ ಗಂಟಲು ಹರಿದಂತಾಯಿತು. ಅಕ್ಕ ಹೋದ ಮೇಲೆ ಹೆಂಡತಿಯ ಕಡೆ ನೋಡಿದೆ. ಅವಳು ನನ್ನ ಕಡೆ ತಿರುಗದೆ ಬಟ್ಟಲು ತೆಗೆದುಕೊಂಡು ಹೋದಳು. ಅದು ಅಕ್ಕನ ಮಾತಿಗಿಂತ ನೋಯಿಸಿತು.

ಐದು ವಾರ ಮುಗಿದ ಮೇಲೆ ಡಾಕ್ಟರಮ್ಮ ಫೋನಿನಲ್ಲಿ ಒಂದು ಪರೀಕ್ಷೆ ಹೇಳಿದರು. ಅಂಗೈಯಷ್ಟು ಚರ್ಮವನ್ನು ಹತ್ತು ನಿಮಿಷ ಬಿಸಿಲಿಗೆ ಹಿಡಿದು, ಒಂದು ದಿನ ಕಾಯಬೇಕು. ಕೆಂಪಾಗದಿದ್ದರೆ ನಿಧಾನವಾಗಿ ಹೊರಗೆ ಬರಬಹುದು. ನಾನು ಬೆಳಿಗ್ಗೆ ಬಾಗಿಲು ಸರಿಸಿ ಎಡಗೈಯನ್ನು ಗಲ್ಲಿಯ ಬಿಸಿಲಿಗೆ ಚಾಚಿದೆ. ಐದು ವಾರ ಬಿಸಿಲು ಕಾಣದ ಕೈಗೆ ಅದು ಎಷ್ಟು ಹಿತವಾಗಿತ್ತು! ಸಂಜೆಗೆ ಕೈ ಹೋಳಿಗೆಯಂತೆ ಉಬ್ಬಿ, ಕಾದ ಎಣ್ಣೆ ಬಿದ್ದಂತೆ ಉರಿಯತೊಡಗಿತು.

ಡಾಕ್ಟರಮ್ಮನಿಗೆ ಫೋಟೋ ಕಳಿಸಿದೆವು. ಅವರು ಆಶ್ಚರ್ಯಪಟ್ಟು, ಇಷ್ಟು ದಿನ ಎಲ್ಲಿ ಕೂತಿದ್ದಿರಿ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ. ಡಾರ್ಕ್ ರೂಮು, ಗೊಬ್ಬರದ ಚೀಲ, ಕೆಂಪು ಬಲ್ಬು.

“ಬಿಸಿಲು ಬೇಡ ಅಂದಿದ್ದೆ, ಬೆಳಕು ಬೇಡ ಅಂದಿರಲಿಲ್ಲ” ಎಂದರು. “ಮನೆಯೊಳಗಿನ ಬೆಳಕು ಆ ಔಷಧಿಯನ್ನ ದಿನಾ ಇಷ್ಟಿಷ್ಟೇ ಸವೆಸುತ್ತೆ. ನೀವು ಅದನ್ನ ಕತ್ತಲೇಲಿ ಜೋಪಾನ ಮಾಡಿ ಇಟ್ಕೊಂಡಿದ್ದೀರಿ. ನೀವು ಫಿಲಂ ಅಲ್ಲ.”

ಹೆಂಡತಿ ಚೀಲದಿಂದ ಆ ಹಾಳೆ ಹುಡುಕಿ ತೆಗೆದಳು. ಮಗಳು ಗಟ್ಟಿಯಾಗಿ ಓದಿದಳು. ಕತ್ತಲೆ ಕೋಣೆಯಲ್ಲಿ ಇರಬಾರದು ಎಂಬುದು ಮೂರನೆಯ ಸಾಲಿನಲ್ಲಿಯೇ ಇತ್ತು. ನನ್ನ ಉಬ್ಬಿದ ಕೈಗೆ ತಣ್ಣೀರಿನ ಬಟ್ಟೆ ಸುತ್ತುತ್ತ ಹೆಂಡತಿ ಹೇಳಿದಳು, “ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲ ಅಂತಾರ. ಇವತ್ತ ಕಣ್ಣಾರೆ ನೋಡಿದ್ನಿ.” ಮರುದಿನ ಅವಳೇ ಗೊಬ್ಬರದ ಚೀಲ ಕಿತ್ತಳು, ಕಿಟಕಿಯ ಹಲಗೆ ತೆರೆದು ತೆಳ್ಳಗಿನ ಸೀರೆ ಇಳಿಬಿಟ್ಟಳು. ಗೋಡೆಯ ಮೇಲಿನ ಗಲ್ಲಿ ಅಳಿಸಿಹೋಯಿತು. ಅಲ್ಲಿ ಒಡೆದ ಗಾರೆಯೂ ನೀರಿನ ಕಲೆಯೂ ಇದ್ದವು. ನನಗೆ ನಿಜವಾಗಿಯೂ ದುಃಖವಾಯಿತು.

ಅದೇ ವಾರ ಅನ್ನ ಮತ್ತೆ ಎದೆಯಲ್ಲಿ ನಿಂತಿತು. ಎರಡು ದಿನಕ್ಕೆ ಗಂಜಿ ನಿಂತಿತು. ಒಂದು ಬೆಳಿಗ್ಗೆ ಕುಡಿದ ನೀರು ಎದೆಯ ತನಕ ಹೋಗಿ, ಸ್ವಲ್ಪ ಯೋಚಿಸಿ, ತಿರುಗಿ ಬಾಯಿಗೆ ಬಂತು. ಮದುವೆಗೆ ಆರು ವಾರ ಉಳಿದಿತ್ತು. ಬೆಳಕಿಗೆ ಹೆದರಿದವನು ಈಗ ನೀರಿಗೂ ಹೆದರಿದೆ.

ಡಾಕ್ಟರಮ್ಮ ಫೋನಿನಲ್ಲಿ, ಗಂಗಾವತಿಯಲ್ಲಿ ಬೇರಿಯಂ ಎಕ್ಸ್‌ರೇ ಮಾಡಿಸಿ ಎಂದರು. ಹೊತ್ತು ಹುಟ್ಟುವ ಮುಂಚೆ ಹೊರಟೆವು. ಕಾಲುವೆಯ ಎರಡೂ ಕಡೆ ಭತ್ತದ ಗದ್ದೆಗಳು ಮಂಜಿನಲ್ಲಿದ್ದವು. ನನ್ನ ಕಪ್ಪು ಕನ್ನಡಕದಲ್ಲಿ ಅವು ನೆಗೆಟಿವ್ ಹಾಗೆ ಕಂಡವು. ಅಲ್ಲಿ ಒಂದು ಲೋಟ ಸುಣ್ಣದಂಥ ಬಿಳಿ ದ್ರವ ಕೊಟ್ಟು, ಯಂತ್ರದ ಮುಂದೆ ನಿಲ್ಲಿಸಿ, ಇಷ್ಟಿಷ್ಟೇ ಕುಡಿಯಲು ಹೇಳಿದರು. ಪರದೆಯ ಮೇಲೆ ನನ್ನ ನುಂಗುವಿಕೆ ಕಾಣುತ್ತಿತ್ತು. ಬಿಳಿ ಗೆರೆ ಇಳಿಯಿತು, ಎದೆಯ ನಡುವೆ ಬಂದು ಕೆರೆಯಂತೆ ನಿಂತಿತು, ಅದರ ಬುಡದಿಂದ ದಾರದಷ್ಟು ತೆಳ್ಳಗೆ ಏನೋ ಕೆಳಗೆ ಜಾರುತ್ತಿತ್ತು. ಕಪ್ಪು ಬಿಳುಪಿನ ಫೋಟೋ ನೋಡಿ ಒಳ್ಳೆಯದು ಕೆಟ್ಟದ್ದು ಹೇಳುವುದು ನನ್ನ ವೃತ್ತಿ. ಇದನ್ನು ನೋಡಿ ನನಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ.

ದೊಡ್ಡ ಊರಿಗೆ ಎರಡು ಸಲ ಹೋಗಿ ಬಂದೆವು. ಗಂಟಲಿನಿಂದ ಸಣ್ಣ ಬಲೂನು ಇಳಿಸಿ, ಕಿರಿದಾದಲ್ಲಿ ಅದನ್ನು ಉಬ್ಬಿಸಿ, ನಾಳವನ್ನು ಹಿಗ್ಗಿಸಿದರು. ಗಂಟಿನ ಜಾಗದಿಂದ ಮತ್ತೆ ಚೂರು ತೆಗೆದು ನೋಡಿದರು. ಕ್ಯಾನ್ಸರಿನ ಗುರುತು ಸಿಗಲಿಲ್ಲ, ಆದರೆ ಬಿಟ್ಟು ಬಿಟ್ಟು ನೋಡುತ್ತಿರಬೇಕು ಎಂದರು. ಹೆಂಡತಿ ಹೊರಗೆ ಹೋಗಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಾನು ಮಾತ್ರ ಮಾದಲಿಯದನ್ನೇ ಕೇಳಿದೆ. ಡಾಕ್ಟರಮ್ಮ ಬೇಸರಪಡಲಿಲ್ಲ. ಅನ್ನನಾಳ ಬರಿಯ ಕೊಳವೆಯಲ್ಲ, ಹಸುವಿನ ಕೆಚ್ಚಲು ಹಿಂಡುವ ಕೈಯಂತೆ ಮೇಲಿನಿಂದ ಕೆಳಗೆ ಹಿಂಡಿ ಹಿಂಡಿ ತುತ್ತನ್ನು ಇಳಿಸುತ್ತದೆ ಎಂದರು. ಸುಟ್ಟು ಮಾಯ್ದ ಜಾಗದಲ್ಲಿ ಆ ಹಿಂಡುವ ಕೆಲಸ ಸರಿಯಾಗಿ ನಡೆಯುತ್ತಿಲ್ಲ. ಹಾದಿ ಅಗಲವಾಗಿದೆ, ನೂಕುವವರಿಲ್ಲ. ಹಾಗಾಗಿ ನೆಟ್ಟಗೆ ಕೂರಬೇಕು, ಸಣ್ಣ ತುತ್ತು, ನುಣ್ಣಗಾಗುವ ತನಕ ಅಗಿಯಬೇಕು, ನುಂಗಿದ ಮೇಲೆ ಒಂದು ಗುಟುಕು ನೀರು. ಅಗಿದಾದ ಮೇಲೆ ಬಾಯಲ್ಲಿ ಹಿಡಿದು ಕೂರಬಾರದು. ಹಿಡಿದಷ್ಟೂ ಹೆದರಿಕೆ, ಹೆದರಿದಷ್ಟೂ ಗಂಟಲು ಬಿಗಿ.

ಮಗಳು ಯಲಬುರ್ಗಾದ ಶಾಲೆಯೊಂದರಲ್ಲಿ ಟೀಚರು. ದಿನಾ ಸಂಜೆ ಬಸ್ಸಿಳಿದು ಬಂದು, ಕೈಕಾಲು ತೊಳೆದು, ನನ್ನ ಕಿಟಕಿಯ ಹತ್ತಿರ ಕೂರುತ್ತಿದ್ದಳು. ಮುಂದೆ ಒಂದು ಬಟ್ಟಲು. ಮೊದಲ ವಾರ ಮೊಸರು, ಎರಡನೆಯ ವಾರ ಹಿಚುಕಿದ ಬಾಳೆಹಣ್ಣು, ಆಮೇಲೆ ಹಾಲು ತುಪ್ಪದಲ್ಲಿ ನೆನೆಸಿದ ಮಾದಲಿ, ಚಮಚದ ತುದಿಯಷ್ಟು. ಮಾದಲಿ ಒಳ್ಳೆಯ ಗಂಟಲಿಗೂ ಒಮ್ಮೊಮ್ಮೆ ಕೆಮ್ಮು ತರುವ ವಸ್ತು. ಪುಡಿ ಪುಡಿ, ಗಂಟಲಲ್ಲಿ ಉದುರಿ ಕೂರುತ್ತದೆ. ಅವಳು ಮಕ್ಕಳಿಗೆ ಮಗ್ಗಿ ಹೇಳಿಕೊಡುವ ದನಿಯಲ್ಲಿ ಅಗಿ, ಅಗಿ, ಈಗ ನುಂಗು ಎನ್ನುತ್ತಿದ್ದಳು. ಕೆಲವು ದಿನ ಇಳಿಯಿತು. ಕೆಲವು ದಿನ ಎದೆಯಲ್ಲಿ ನಿಂತು, ಕಣ್ಣಲ್ಲಿ ನೀರು ಬಂದು, ಹಿತ್ತಲಿಗೆ ಓಡಿದೆ.

ಹಾಗೆ ಓಡಿ ಬಂದ ಒಂದು ಸಂಜೆ ನಾನೇ ಸೋತು ಹೇಳಿದೆ. ಯಲಬುರ್ಗಾದ ನಿಮ್ಮತ್ತೆ ಹೇಳಿದ್ದೇ ಸರಿ, ಭೂಮಕ್ಕೆ ನಿಮ್ಮ ಕಾಕಾ ಕೂರಲಿ, ಅಷ್ಟು ಮಂದಿಯ ಮುಂದೆ ನನ್ನಿಂದ ಆಗುವುದಿಲ್ಲ. ಅವಳು ಬಟ್ಟಲಿನ ಅಂಚಿಗೆ ಅಂಟಿದ ಮಾದಲಿಯನ್ನು ಬೆರಳಲ್ಲಿ ಒಟ್ಟು ಮಾಡಿದಳು.

“ಕಾಕಾಗ ಬೇಕಾದ್ರ ಬ್ಯಾರೆ ತುತ್ತು ಕೊಡ್ತೀನಿ. ನಿಂದು ನಿನಗ” ಎಂದಳು. “ನುಂಗಾಕ ಆಗಲಿಲ್ಲಂದ್ರ ನನ್ನ ಕೈಯಾಗ ಉಗುಳು ಅಪ್ಪಾ. ಸಣ್ಣಾಕಿದ್ದಾಗ ನಿನ್ನ ಕೈಯಾಗ ನಾ ಎಷ್ಟ ಸಲ ಉಗುಳೀನಿ.”

ಮರುದಿನ ಸಂಜೆ ಅವಳು ಬಟ್ಟಲು ತಂದಳು, ನಾನು ಬಾಯಿ ತೆರೆದೆ.

ಮದುವೆ ಕುಷ್ಟಗಿಯ ಒಂದು ಕಲ್ಯಾಣ ಮಂಟಪದಲ್ಲಿ. ಅಷ್ಟರೊಳಗೆ ಇನ್ನೆರಡು ಸಲ ಕೈ ಬಿಸಿಲಿಗೊಡ್ಡಿ ನೋಡಿದ್ದೆ, ಕೆಂಪಾಗಿರಲಿಲ್ಲ. ಆದರೂ ಟೋಪಿ ಬಿಡಲಿಲ್ಲ. ಮದುಮಗಳ ಅಪ್ಪ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಬೀಗರನ್ನು ಎದುರುಗೊಂಡದ್ದು ಕುಷ್ಟಗಿಯಲ್ಲಿ ಬಹಳ ದಿನ ಮಾತಾಗಿತ್ತಂತೆ. ಫೋಟೋ ತೆಗೆಯಲು ಗಂಗಾವತಿಯಿಂದ ಒಬ್ಬ ಹೆಣ್ಣುಮಗಳನ್ನು ಬೀಗರು ಕರೆಸಿದ್ದರು. ಮೂವತ್ತೈದರ ಆಸುಪಾಸು, ಹೆಗಲ ಮೇಲೆ ಎರಡು ಕ್ಯಾಮೆರಾ, ಸೆರಗು ಸೊಂಟಕ್ಕೆ ಬಿಗಿದಿದ್ದಳು. ನಾನು ಬೆಳಿಗ್ಗೆಯಿಂದ ಅವಳ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದೆ. ಒಂದೂ ಸಿಗದೆ ಸಿಟ್ಟು ಬಂದಿತ್ತು.

ಭೂಮದ ತಾಟು ಬಂತು. ನಡುವೆ ಮಾದಲಿಯ ರಾಶಿ, ಅದರ ಮೇಲೆ ತುಪ್ಪ. ನಾನು ನೆಟ್ಟಗೆ ಕೂತೆ. ಹೆಂಡತಿ ನನ್ನ ಬಲಕ್ಕೆ ಒಂದು ಲೋಟ ನೀರು ಇಟ್ಟಳು. ಎದುರು ಅಕ್ಕ ಕೂತಿದ್ದಳು, ಕಣ್ಣು ಮುಚ್ಚಿ ಯಾವ ದೇವರನ್ನೋ ನೆನೆಯುತ್ತಿದ್ದಳು. ಮದುಮಕ್ಕಳ ತುತ್ತು ಆಯಿತು, ನಗು ಆಯಿತು, ತಾಯಿಯ ತುತ್ತು ಆಯಿತು. ಮಗಳು ನನ್ನ ಕಡೆ ತಿರುಗಿದಳು. ಮಾದಲಿಯನ್ನು ಹಾಲಿನಲ್ಲಿ ಕಲೆಸಿ, ಸುಣ್ಣದ ಡಬ್ಬಿಯ ಮುಚ್ಚಳದಷ್ಟು ಸಣ್ಣ ತುತ್ತು ಮಾಡಿದಳು. ಬೇರೆ ಯಾರಿಗೂ ಅಷ್ಟು ಸಣ್ಣದು ಮಾಡಿರಲಿಲ್ಲ. ಬಾಯಿಗಿಟ್ಟಳು. ನಾನು ಅಗಿಯತೊಡಗಿದೆ. ಅವಳ ತುಟಿಗಳು ಅಲುಗುತ್ತಿದ್ದವು. ಅಗಿ, ಅಗಿ ಎನ್ನುತ್ತಿದ್ದಾಳೆಂದು ನನಗೊಬ್ಬನಿಗೇ ಗೊತ್ತು.

“ಅಂಕಲ್, ತಡೀರಿ” ಎಂದಳು ಫೋಟೋದವಳು. “ನುಂಗಬ್ಯಾಡ್ರಿ. ಅಕ್ಕಾರ, ಕೈ ಮತ್ತ ಅವರ ಬಾಯಿ ಹಂತ್ಯಾಕ ತರ್ರಿ. ಹಂಗ ಹಿಡೀರಿ.”

ಬೆಳಕು ನನ್ನ ಮುಖದ ಮೇಲಿತ್ತು. ಬಾಯಲ್ಲಿ ತುತ್ತು ನುಣ್ಣಗಾಗಿತ್ತು, ಹೋಗಲು ಸಿದ್ಧವಾಗಿತ್ತು. ಮಗಳ ಕೈ ಮತ್ತೆ ನನ್ನ ತುಟಿಯ ಹತ್ತಿರ ಬಂದು ನಿಂತಿತು. ಇಡೀ ಬಳಗ ನಿಂತಿತ್ತು. ನನ್ನ ಗಂಟಲು ಬಿಗಿಯತೊಡಗಿತು. ಆಗ ನನಗೆ ನವಲಿಯ ಮುದುಕನ ಮುಖ ಕಂಡಿತು. ಈ ಸಲ ತಲೆಕೆಳಗಾಗಿ ಅಲ್ಲ, ನೆಟ್ಟಗೆ. ಅವನು ಅಂದು ಅತ್ತದ್ದು ಮಗಳು ಹೋಗುತ್ತಾಳೆಂದು ಅಂದುಕೊಂಡಿದ್ದೆ. ಕೊಟ್ಟ ತುತ್ತನ್ನು ನುಂಗಲು ಬಿಡಲಿಲ್ಲವೆಂದು ಅತ್ತಿದ್ದ. ನಾನು ಕೂತಲ್ಲಿಯೇ ಅವನ ಕ್ಷಮೆ ಕೇಳಿದೆ.

ನುಂಗಿದೆ. ತುತ್ತು ಇಳಿಯಿತು, ಎದೆಯ ಹಿಂದೆ, ಆ ಜಾಗಕ್ಕೆ ಬಂದು ನಿಂತಿತು. ಹೆಂಡತಿ ನನ್ನ ಮುಖ ನೋಡದೆ ಲೋಟವನ್ನು ಕೈಗೆ ಮುಟ್ಟಿಸಿದಳು. ಮಗಳು ಕೈಯನ್ನು ಬೊಗಸೆ ಮಾಡಿ ನನ್ನ ಗಲ್ಲದ ಕೆಳಗೆ ಹಿಡಿದಳು, ಮಂದಿ ಏನಂದುಕೊಂಡರೂ ಸರಿಯೆಂಬಂತೆ. ನಾನು ಒಂದು ಗುಟುಕು ನೀರು ಕುಡಿದು ಕಾದೆ. ಎಷ್ಟು ಹೊತ್ತೋ ತಿಳಿಯದು. ಆಮೇಲೆ ಅದು ಹೋಯಿತು. ಒಳಗೆ ಯಾರೋ ಬಾಗಿಲು ತೆರೆದು ದಾರಿ ಕೊಟ್ಟಂತೆ, ಮೆಲ್ಲಗೆ ಹೋಯಿತು. ತುಪ್ಪದ ಸಿಹಿ ಗಂಟಲಲ್ಲಿ ಉಳಿಯಿತು. ನಾನು ಅತ್ತೆ. ಎಲ್ಲರೂ ಮಗಳು ಹೋಗುವ ದುಃಖ ಎಂದುಕೊಂಡರು. ಅದೂ ಇತ್ತು.

ಫೋಟೋದವಳು ಆಮೇಲೆ ನನ್ನ ಬಳಿ ಬಂದು ಬೇಜಾರು ಮಾಡಿಕೊಂಡಳು. ಅವಳ ಲೆಕ್ಕದಲ್ಲಿ ಅದೊಂದು ಚಿತ್ರ ಕೆಟ್ಟುಹೋಗಿತ್ತು, ಬೇಕಾದರೆ ಇನ್ನೊಂದು ತುತ್ತು ಹಿಡಿಸಿ ತೆಗೆಯುತ್ತೇನೆ ಎಂದಳು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಅದನ್ನು ತೋರಿಸಿದಳು. ನನ್ನ ಬಾಯಿ ಮುಚ್ಚಿದೆ, ಕಣ್ಣುಗಳೂ ಮುಚ್ಚಿವೆ, ಮಗಳ ಖಾಲಿ ಬೊಗಸೆ ಗಲ್ಲದ ಕೆಳಗಿದೆ, ಹೆಂಡತಿ ನನ್ನ ಗಂಟಲನ್ನೇ ನೋಡುತ್ತಿದ್ದಾಳೆ. ನಾನು ಅದನ್ನು ಅಳಿಸಬೇಡ ಎಂದು ಕೇಳಿಕೊಂಡು, ದೊಡ್ಡದು ಮಾಡಿಸಿ ತಂದೆ. ನವಲಿಯ ಫೋಟೋ ತೆಗೆದು ಅದರ ಜಾಗದಲ್ಲಿ, ಅಂಗಡಿಯ ಗಾಜಿನ ಹಿಂದೆ ಇದನ್ನು ಹಾಕಿದ್ದೇನೆ. ಬಂದವರು ಭೂಮದ ಊಟದ ಫೋಟೋ ಅಂತೀರಿ, ತುತ್ತು ಎಲ್ಲಿದೆ ಎಂದು ಕೇಳುತ್ತಾರೆ. ನಾನು ಎದೆ ಮುಟ್ಟಿ ತೋರಿಸುತ್ತೇನೆ.